ನಡುಹಗಲಿನ ಗಳಿಗೆ

ಒಳಗೆ ಹೋಗುವ ಉಸಿರನ್ನೂ ಹೊರಗೆ ಬರುವ ಉಸಿರನ್ನೂ ಕೇಳದೆಯೇ ಕೊಡುತ್ತಿರುವ ಪರಮಾತ್ಮನಿಗೆ ಮೊದಲ ನಮಸ್ಕಾರ. ಅನ್ನವನ್ನು ಬೇಯಿಸುವವನೂ ಹವಿಸ್ಸನ್ನು ಒಯ್ಯುವವನೂ ಆದ ಅಗ್ನಿದೇವನಿಗೆ, ಅವನ ಸಖನಾದ ವಾಯುವಿಗೆ, ನನ್ನ ನಾಲಗೆಯ ಮೇಲೆ ಅಕ್ಷರವನ್ನಿಟ್ಟ ಗುರುಗಳಿಗೆ, ಇಷ್ಟು ಮಳೆಗಾಲಗಳು ನನ್ನನ್ನು ಹೊತ್ತ ಈ ಮೇಲ್ನಾಡಿನ ಮಣ್ಣಿಗೆ ನಾನು ಋಣಿ. ಈ ವಯಸ್ಸಿನಲ್ಲಿ, ಹೊಗೆಯಿಲ್ಲದ ಒಂದು ಬೆಳಗ್ಗೆ ಜಗಲಿಯ ಮೇಲೆ ಕುಳಿತು ಬರೆಯುವಷ್ಟು ಶಕ್ತಿ ಕೈಗೆ ಉಳಿದಿರುವುದೂ ಅವರ ಕೃಪೆಯೇ. ಮುಂದೆ ಹೇಳಬೇಕಾದದ್ದು ಸುಖದ ಮಾತಲ್ಲವಾದುದರಿಂದ ಕೃತಜ್ಞತೆಯನ್ನು ಮೊದಲೇ ಸಲ್ಲಿಸಿಬಿಡುತ್ತೇನೆ.

ನಮ್ಮದು ಹೊಸೂರು ಸೀಮೆಯ ತಳಿ ಎಂಬ ಪೇಟೆಯಿಂದ ಒಂದು ಹರದಾರಿ ದೂರದಲ್ಲಿ, ಕಾಡಿನ ಅಂಚಿಗೆ ಆತುಕೊಂಡಿದ್ದ ಚಿಕ್ಕ ಊರು. ರಾಗಿ, ಹುರುಳಿ ಬೆಳೆಯುವ ಒಕ್ಕಲು ಮನೆಗಳ ನಡುವೆ ನಮ್ಮದೊಂದೇ ಬ್ರಾಹ್ಮಣರ ಮನೆ. ಗುಡಿಯ ಪೂಜೆ, ಮದುವೆ ಮುಂಜಿ, ಬಿತ್ತನೆಗೆ ದಿನ ನೋಡಿಕೊಡುವುದು, ಯುಗಾದಿಯಂದು ಊರಿಗೆಲ್ಲ ಪಂಚಾಂಗ ಓದುವುದು ನಮ್ಮ ತಂದೆಯವರ ಕೆಲಸವಾಗಿತ್ತು. ಅವರ ನಂತರ ನನ್ನದಾಯಿತು. ಊರಿನ ಹಿಂದೆಯೇ ಗುಡ್ಡ, ಗುಡ್ಡದ ತುಂಬ ಕಾಡು. ಬಿದಿರು, ಹೊನ್ನೆ, ಕಗ್ಗಲಿ, ನೆಲ್ಲಿ, ಬಿಲ್ವ, ಮುತ್ತುಗ. ನಾವು ಉಣ್ಣುವ ಎಲೆ ಮುತ್ತುಗದ್ದು, ಹೋಮಕ್ಕೆ ಸಮಿತ್ತು ಮುತ್ತುಗದ್ದು. ಮಾಘ ಕಳೆಯುತ್ತಲೇ ಆ ಮರಗಳು ಎಲೆಯುದುರಿಸಿ ಕೆಂಪಾಗಿ ಹೂಬಿಡುತ್ತಿದ್ದವು. ಬೆಳಗಿನ ಮಂಜು ಆ ಕಾಡಿನಿಂದ ಇಳಿದು ನಮ್ಮ ಹಿತ್ತಲಿಗೆ ಬಂದು, ಬಿಸಿಲೇರಿದ ಮೇಲೆ ಅಲ್ಲಿಗೇ ಹಿಂತಿರುಗುತ್ತಿತ್ತು. ಅದನ್ನು ಸೌಂದರ್ಯವೆಂದು ಯಾರೂ ಕರೆಯುತ್ತಿರಲಿಲ್ಲ. ಕಾಡು ಇತ್ತು, ಅಷ್ಟೇ.

ಮನೆಯೊಳಗೆ, ನಡುಮನೆಯ ಆಗ್ನೇಯ ಮೂಲೆಯಲ್ಲಿ, ನಮ್ಮ ವಿವಾಹದ ಅಗ್ನಿಯಿತ್ತು. ಮದುವೆಯ ದಿನ ಹೋಮಕುಂಡದಲ್ಲಿ ಹೊತ್ತಿದ ಬೆಂಕಿಯನ್ನು ಆರಗೊಡದೆ ಮನೆಗೆ ತಂದು, ಗಂಡಹೆಂಡಿರು ಬದುಕಿರುವವರೆಗೂ ಎರಡು ಹೊತ್ತು ಅದರಲ್ಲಿ ಅಕ್ಕಿಯ ಆಹುತಿ ಕೊಡುವುದು ನಮ್ಮ ಮನೆತನದ ನಡೆ. ನನ್ನ ಹೆಂಡತಿ ಬಾಗಲೂರಿನ ಹುಡುಗಿ. ಬಾಗಲೂರಿನಿಂದ ನಮ್ಮೂರಿಗೆ ಗಾಡಿಯಲ್ಲಿ ಬರುವಾಗ ದಾರಿಯುದ್ದಕ್ಕೂ ಆ ಬೆಂಕಿಯ ಮಡಕೆಯನ್ನು ಅವಳು ತನ್ನ ಮೊಣಕಾಲುಗಳ ನಡುವೆ ಹಿಡಿದುಕೊಂಡು ಕುಳಿತಿದ್ದಳು. ಮಡಕೆಯ ಕಾವಿಗೆ ಸೀರೆಯ ನೆರಿಗೆ ಕಂದಿತ್ತು. ಆಮೇಲೆ ಹದಿನೈದು ವರ್ಷ ಆ ಅಗ್ನಿಯನ್ನು ಹೊಟ್ಟಿನಲ್ಲಿ ಮುಚ್ಚಿ, ಕೆದಕಿ, ಊದಿ ಕಾಪಾಡಿದವಳು ಅವಳೇ. ನಮಗೆ ಮಕ್ಕಳಾಗಲಿಲ್ಲ. ಆ ಮೂಲೆಯ ಕಡೆಗೆ ಹೋಗುವಾಗ ಅವಳು ಮಲಗಿದ ಮಗುವಿನ ಬಳಿ ಹೋಗುವವಳಂತೆ ಮೆಲ್ಲಗೆ ಹೆಜ್ಜೆಯಿಡುತ್ತಿದ್ದಳು.

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲು ಸಿಗದಂತಾಯಿತು. ಹೊಸೂರಿನ ಕಡೆ ಓಡುವ ಬಸ್ಸುಗಳ ಹಿಂಬದಿಗೆ ಒಂದೊಂದು ದೊಡ್ಡ ಕಬ್ಬಿಣದ ಒಲೆಯನ್ನು ಕೂರಿಸಿದರು. ಅದರಲ್ಲಿ ಇದ್ದಿಲು ಉರಿಸಿ, ಆ ಅನಿಲದಿಂದ ಬಸ್ಸು ಓಡಿಸುವರು. ಬಸ್ಸಿಗೆ ಇದ್ದಿಲು ಬೇಕಾಯಿತು, ಇದ್ದಿಲಿಗೆ ಕಾಡು ಬೇಕಾಯಿತು. ಗುತ್ತಿಗೆದಾರನೊಬ್ಬ ನಮ್ಮ ಗುಡ್ಡದ ಒಂದು ಪಾಲನ್ನು ಹಿಡಿದ. ಕಡಿದ ಮರವನ್ನು ಒಟ್ಟಿ, ಮೇಲೆ ಸೊಪ್ಪು ಮಣ್ಣು ಮೆತ್ತಿ, ಒಳಗೆ ಕಿಚ್ಚಿಟ್ಟು, ಗಾಳಿಯಾಡದಂತೆ ದಿನಗಟ್ಟಲೆ ಬೇಯಿಸುವ ಗೂಡುಗಳು ಎದ್ದವು. ಗೂಡುಗಳನ್ನು ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ನಮ್ಮೂರಿನವನೇ, ಐವತ್ತರ ಆಸುಪಾಸಿನವನು. ಮಣ್ಣಿನ ಮೇಲೆ ಅಂಗೈಯಿಟ್ಟು, ಒಳಗೆ ಮರ ಎಷ್ಟು ಬೆಂದಿದೆಯೆಂದು ಹೇಳಬಲ್ಲವನು. ಪ್ರತಿ ಗೂಡಿಗೂ ಕಿಚ್ಚಿಡಲು ಅವನು ನನ್ನಲ್ಲಿ ಗಳಿಗೆ ಕೇಳುತ್ತಿದ್ದ. ನಾನು ಹೋಗಿ ಕಾಯಿ ಒಡೆದು ಬರುತ್ತಿದ್ದೆ. ಗೂಡು ಬಿಚ್ಚುವ ಹೊತ್ತನ್ನು ಮಾತ್ರ ಅವನೇ ಗೊತ್ತುಮಾಡುವನು. ಅದಕ್ಕೆ ಪಂಚಾಂಗ ಬೇಕಿರಲಿಲ್ಲ. ಇಬ್ಬನಿ ಬಿದ್ದ ನೆಲ, ಗಾಳಿ ಏಳದ ನಸುಕು, ಅಷ್ಟೇ ಅವನ ಲೆಕ್ಕ.

ಗೂಡುಗಳೆದ್ದ ಎರಡನೆಯ ವರ್ಷದ ಫಾಲ್ಗುಣದಲ್ಲಿ ಗೂಡಿನ ಬಳಿ ಒಬ್ಬ ಆಳಿಗೆ ಹಾವು ಕಚ್ಚಿತು, ಇನ್ನೊಬ್ಬ ಕಾಲು ಮುರಿದುಕೊಂಡ. ಆಳುಗಳು ಹೆದರಿದರು. ಆದುದರಿಂದ ಎಲ್ಲಕ್ಕಿಂತ ದೊಡ್ಡ ಗೂಡು ಬೆಂದು ತಣಿಯುತ್ತಿದ್ದಾಗ ಮೇಸ್ತ್ರಿ ನಮ್ಮ ಬಾಗಿಲಿಗೆ ಬಂದು ನಿಂತ.

"ಸಾಮಿ, ಈ ಸಲ ಬಿಚ್ಚಾಕೂ ಒಂದು ಗಳಿಗೆ ಕೊಡಿ. ಆಳ್ಗೋಳು ಕೈ ಇಡಾಕೆ ಒಲ್ಲೆ ಅಂತವ್ರೆ."

ನಾನು ಪಂಚಾಂಗ ತೆರೆದೆ. ಸೋಮವಾರ ಸೂರ್ಯೋದಯದಿಂದ ವರ್ಜ್ಯ, ಶುಭಕ್ಕೆ ಬಿಡಬೇಕಾದ ಹೊತ್ತು. ಅದು ಮುಗಿಯುತ್ತಲೇ ರಾಹುಕಾಲ. ನಡುಹಗಲಿನಲ್ಲಿ ಅಭಿಜಿನ್ಮುಹೂರ್ತ, ದೋಷಗಳನ್ನೆಲ್ಲ ಕಳೆಯುವ ಗಳಿಗೆ. ಸೋಮವಾರ ತಪ್ಪಿದರೆ ಯುಗಾದಿ ಕಳೆಯುವವರೆಗೆ ಶುಭವೆನ್ನಬಹುದಾದ ಹೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.

ಮೇಸ್ತ್ರಿ ತಲೆ ಕೆರೆದುಕೊಂಡ. "ನಡುಮಧ್ಯಾನ್ನವಾ? ಬಿಸ್ಲಾಗೆ ಗಾಳಿ ಏಳ್ತದಲ್ಲ ಸಾಮಿ. ಗೂಡಿನ ಬೆನ್ನು ಇನ್ನೂ ಬಿಸಿ ಐತೆ. ಇನ್ನೆಲ್ಡು ದಿನ ಬಿಟ್ಟು ನಸುಕ್ನಾಗೆ ಬಿಚ್ಚಿದ್ರೆ..."

"ನೀನು ಕೇಳಿದೆ, ನಾನು ನೋಡಿ ಹೇಳಿದೆ. ಕೇಳಿದ ಮೇಲೆ ಮೀರಬಾರದು" ಎಂದೆ. ಆ ಮಾತಿನಲ್ಲಿ ಕೋಪವಿರಲಿಲ್ಲ, ಅನುಮಾನವೂ ಇರಲಿಲ್ಲ. ಅನುಮಾನವಿಲ್ಲದಿದ್ದುದೇ ಇಂದಿಗೂ ನನ್ನನ್ನು ಚುಚ್ಚುತ್ತದೆ. ಅವನು ಕೈಮುಗಿದು ಹೋದ.

ಸೋಮವಾರ ನಡುಹಗಲು ನಾನೇ ನಿಂತು ಕಾಯಿ ಒಡೆದೆ. ಮಣ್ಣಿನ ಹೊದಿಕೆಯನ್ನು ಎಳೆದರು. ಒಳಗೆ ಕರಿಯ ರಾಶಿ, ಅದರ ನಡುವೆ ಕಣ್ಣು ಬಿಟ್ಟಂತೆ ಕೆಂಪು. ಆಗಲೇ ಬಯಲಿನ ಕಡೆಯಿಂದ ಗಾಳಿ ಬೀಸಿತು. ಮೇಸ್ತ್ರಿ "ಮಣ್ಣು! ಮಣ್ಣಾಕ್ರೋ!" ಎಂದು ಕಿರುಚುತ್ತ ಬರಿಗಾಲಲ್ಲಿ ಕೆಂಡದ ಮೇಲೆಯೇ ಹತ್ತಿದ. ಕಿಡಿಗಳು ಹತ್ತಿರದ ಬಿದಿರು ಮೆಳೆಗೆ ಹಾರಿದವು. ಹಿಂದಿನ ವರ್ಷ ಹೂಬಿಟ್ಟು ಒಣಗಿ ನಿಂತಿದ್ದ ಬಿದಿರು ಅದು. ಗೆಣ್ಣುಗಳು ಸಿಡಿಯುವ ಸದ್ದು ಊರಿನವರೆಗೂ ಕೇಳಿಸಿತಂತೆ. ಸಂಜೆಯ ಹೊತ್ತಿಗೆ ಗುಡ್ಡದ ಮೇಲುಭಾಗವೆಲ್ಲ ಉರಿಯುತ್ತಿತ್ತು.

ಮುಂದಿನ ದಿನಗಳನ್ನು ಹೇಗೆ ಹೇಳಲಿ. ಊರಿನ ಗಂಡಸರೆಲ್ಲ ಸೊಪ್ಪಿನ ಕಟ್ಟು ಹಿಡಿದು ಬಡಿದರು, ಅಗಲವಾಗಿ ದಾರಿ ಸವರಿದರು. ಬೆಂಕಿ ಒಂದು ಕಡೆ ಮಲಗಿ ಇನ್ನೊಂದು ಕಡೆ ಏಳುತ್ತಿತ್ತು. ಉರಿಗಿಂತ ಹೊಗೆ ಹೆಚ್ಚು ದಿನ ನಿಂತಿತು. ಮಂಜು ಇಳಿಯುತ್ತಿದ್ದ ಹಾದಿಯಲ್ಲೇ ಈಗ ಹೊಗೆ ಇಳಿದು ಹಿತ್ತಲಿಗೆ ಬಂತು. ಆದರೆ ಬಿಸಿಲೇರಿದರೂ ಹಿಂತಿರುಗಲಿಲ್ಲ. ಸೂರ್ಯ ತೊಳೆಯದ ತಾಮ್ರದ ತಟ್ಟೆಯಂತೆ ಕಾಣುತ್ತಿದ್ದ. ಅರ್ಘ್ಯ ಬಿಡಲು ನಿಂತರೆ ಅವನನ್ನು ನೇರವಾಗಿ ನೋಡಬಹುದಾಗಿತ್ತು. ಹಾಕಿದ ರಂಗೋಲಿಯ ಮೇಲೆ ಬೂದಿ ಬೀಳುತ್ತಿತ್ತು. ಹಾಲಿಗೆ ಸುಟ್ಟ ವಾಸನೆ. ಒಂದು ಬೆಳಗ್ಗೆ ಕೆರೆಯ ಏರಿಯ ಮೇಲೆ ಎರಡು ಜಿಂಕೆಗಳು ದನಗಳ ನಡುವೆ ನಿಂತಿದ್ದವು. ಯಾರೂ ಓಡಿಸಲಿಲ್ಲ, ಅವೂ ಓಡಲಿಲ್ಲ.

ಆ ಹೊಗೆಯಲ್ಲೇ ಯುಗಾದಿ ಬಂತು. ಗುಡಿಯ ಮುಂದೆ ಕುಳಿತು ಪಂಚಾಂಗ ಓದಿದೆ. ಮಳೆ ಎಷ್ಟು, ಬೆಳೆ ಎಷ್ಟು ಎಂದು ಹೇಳಿದೆ. ಬೇವುಬೆಲ್ಲ ತಿಂದು ಜನ ಕೆಮ್ಮುತ್ತ ಕೇಳಿದರು. ಅಷ್ಟರಲ್ಲಿ ಮೇಸ್ತ್ರಿಯ ಅಜಾಗರೂಕತೆಯಿಂದ ಬೆಂಕಿ ಬಿತ್ತೆಂದು ಕಾಡಿನ ಗಾರ್ಡು ಬರೆದುಕೊಂಡು ಹೋಗಿದ್ದ. ಊರಿನವರು ಮೇಸ್ತ್ರಿಗೆ 'ಕಾಡು ತಿಂದವನು' ಎಂದು ಹೆಸರಿಟ್ಟಿದ್ದರು. ಸುಟ್ಟ ಪಾದಗಳಿಗೆ ಬಟ್ಟೆ ಸುತ್ತಿಕೊಂಡು ಅವನು ಗುಂಪಿನ ಹಿಂದೆ, ಬೇವಿನ ಮರದ ಬುಡದಲ್ಲಿ ಕುಳಿತಿದ್ದ. ತಾನು ಬೇಡವೆಂದದ್ದನ್ನೂ ನಾನು ಮೀರಬಾರದೆಂದದ್ದನ್ನೂ ಅವನು ಯಾರಿಗೂ ಹೇಳಿರಲಿಲ್ಲ. ನಾನೂ ಹೇಳಲಿಲ್ಲ.

ನನ್ನ ಹೆಂಡತಿಗೆ ಉಬ್ಬಸ ಹತ್ತಿದ್ದು ಆ ವಾರ. ಮೊದಲು ಕೆಮ್ಮು, ಆಮೇಲೆ ಎದೆಯೊಳಗೆ ಸಿಳ್ಳು. ಮಲಗಲಾರದೆ ಗೋಡೆಗೆ ಒರಗಿ, ಮೊಣಕಾಲ ಮೇಲೆ ಕೈಯೂರಿ ಕುಳಿತಿರುವಳು. ನಾನು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ಸಂದುಗಳಿಗೆ ಒದ್ದೆ ಬಟ್ಟೆ ತುರುಕಿದೆ. ಒಳಗಿನ ಗಾಳಿ ಶುದ್ಧವಾಗಲೆಂದು ಎರಡು ಹೊತ್ತೂ ಸಾಂಬ್ರಾಣಿ ಹಾಕಿದೆ. ಆಹುತಿಗಳನ್ನು ತಪ್ಪಿಸಲಿಲ್ಲ. ಶಾಂತಿಗಾಗಿ ಹೆಚ್ಚಿನ ಸಮಿತ್ತುಗಳನ್ನೂ ಹಾಕಿದೆ.

ಉದ್ದನಪಲ್ಲಿಯಿಂದ ಆಯುರ್ವೇದದ ಪಂಡಿತರನ್ನು ಕರೆಸಿದೆ. ಅವರು ನನ್ನ ತಂದೆಯ ಗೆಳೆಯರು. ಮಾತು ಖಾರ, ಕೈ ಮೃದು. ಒಳಗೆ ಬಂದವರೇ ನಾಡಿಯನ್ನೂ ಹಿಡಿಯದೆ ಬಾಗಿಲಲ್ಲೇ ನಿಂತರು.

"ಏನಯ್ಯಾ, ಹೊರಗಿನ ಹೊಗೆಗೆ ಬಾಗಿಲು ಹಾಕಿ, ಒಳಗಿನ ಹೊಗೆಗೆ ಮಣೆ ಹಾಕಿದ್ದೀಯಲ್ಲ! ನಿನಗೆ ಶಾಸ್ತ್ರ ಹೇಳಿಕೊಟ್ಟವರು ಮೂಗು ಯಾಕಿದೆ ಅಂತ ಹೇಳಿಕೊಡಲಿಲ್ಲವೇ?"

ನನ್ನ ಹೆಂಡತಿ ಆ ಸ್ಥಿತಿಯಲ್ಲೂ ನಕ್ಕಳು. ನಗು ಕೆಮ್ಮಾಯಿತು. ಪಂಡಿತರು ಲೇಹ್ಯ ಕೊಟ್ಟು, ಹೊರಡುವಾಗ ನನ್ನನ್ನು ಅಂಗಳಕ್ಕೆ ಕರೆದು ಹೇಳಿದರು: "ಈ ಊರಲ್ಲಿ ಇಟ್ಟುಕೊಂಡರೆ ಉಳಿಯೋದಿಲ್ಲ. ಹೊಗೆ ಇಲ್ಲದ ಕಡೆಗೆ ಕರಕೊಂಡು ಹೋಗು. ಅಲ್ಲೂ ಅವಳಿರುವ ಸೂರಿನ ಕೆಳಗೆ ಬೆಂಕಿ ಕೂಡದು, ಯಾವ ಬೆಂಕಿಯೂ. ಅರ್ಥವಾಯಿತೇ?"

ಅರ್ಥವಾಗಿತ್ತು. ಗಂಡಹೆಂಡಿರಿಬ್ಬರೂ ಊರಿನ ಎಲ್ಲೆ ದಾಟಿದರೆ ಹಿಂದೆ ಉಳಿದ ಅಗ್ನಿ ಮುರಿದಂತೆ. ಅಗ್ನಿಯನ್ನು ಸಮಿತ್ತಿನಲ್ಲಿ ಆವಾಹಿಸಿಕೊಂಡು ಪ್ರಯಾಣ ಮಾಡುವ ವಿಧಿಯುಂಟು. ಆದರೆ ಹೋದ ಕಡೆಯಲ್ಲಿ ಎರಡು ಹೊತ್ತೂ ಅದನ್ನು ಹೊತ್ತಿಸಲೇಬೇಕು, ಅವಳ ಸಮೀಪದಲ್ಲೇ ಹೊತ್ತಿಸಬೇಕು. ನಾನು ತಾಳೆಗರಿಗಳನ್ನೂ ಅಚ್ಚಿನ ಪುಸ್ತಕಗಳನ್ನೂ ಹುಡುಕಿದೆ. ಎಲ್ಲೋ ಒಂದು ಸಡಿಲಿಕೆ ಸಿಕ್ಕೀತೆಂದು ಎಂಟು ದಿನ ಹುಡುಕಿದೆ. ಆ ಎಂಟು ದಿನಗಳನ್ನೂ ಅವಳು ಕುಳಿತೇ ಕಳೆದಳು.

ಅವಳೂ ಒಪ್ಪುತ್ತಿರಲಿಲ್ಲ. "ಇದನ್ನ ಹಿಡಕೊಂಡು ಈ ಮನೆಗೆ ಬಂದೆ. ಬಿಟ್ಟು ಹ್ಯಾಗೆ ಹೋಗ್ಲಿ? ನೀವು ಹೋಗಿ ಅಂದ್ರೂ ಹೋಗೋದಿಲ್ಲ" ಎಂದು ಒಂದೊಂದು ಮಾತಿಗೂ ನಿಂತು ಉಸಿರೆಳೆದುಕೊಂಡು ಹೇಳಿದಳು.

ಒಂಬತ್ತನೆಯ ಬೆಳಗ್ಗೆ ಹೊಟ್ಟು ಕೆದಕಲು ಬಗ್ಗಿದವಳು ಹಾಗೆಯೇ ವಾಲಿದಳು. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಎತ್ತಿ ಕೂರಿಸಿ, ಬೆನ್ನು ನೀವಿ, ಉಸಿರು ಹಿಂತಿರುಗುವವರೆಗೆ ಕಾದೆ. ಆಮೇಲೆ ಸ್ನಾನ ಮಾಡಿ ಬಂದು, ಕೊನೆಯ ಆಹುತಿ ಕೊಟ್ಟು, ಒಂದು ಬಟ್ಟಲು ಹಾಲನ್ನು ಆ ಅಗ್ನಿಯ ಮೇಲೆ ಎರೆದೆ. ನಮ್ಮಲ್ಲಿ ಬೆಂಕಿಗೆ ಹಾಲೆರೆಯುವುದು ಮಸಣದಲ್ಲಿ. ಸುಂಯ್ ಎಂದು ಸದ್ದಾಗಿ ಬಿಳಿಯ ಹಬೆಯೆದ್ದಿತು. ಅವಳು ಅದನ್ನು ನೋಡುತ್ತ ಬಾಯಿಗೆ ಸೆರಗು ಒತ್ತಿಕೊಂಡಳು. ಅತ್ತರೆ ಉಸಿರು ನಿಲ್ಲುವುದೆಂದು ಅವಳಿಗೂ ಗೊತ್ತಿತ್ತು, ಅಳಲಿಲ್ಲ.

ತಳಿಯವರೆಗೆ ಗಾಡಿ ತಂದವನು ಮೇಸ್ತ್ರಿ. ನಾನು ಕೇಳಿರಲಿಲ್ಲ. ಗಾಡಿ ಹೊಡೆಯುತ್ತಿದ್ದವನು ಅವನ ತಮ್ಮ. ಇವನು ಹಿಂದೆ ಕುಂಟುತ್ತ ನಡೆದುಬಂದ.

"ಬಾಲ ತಿರುಚ್ಬ್ಯಾಡ ಕಣ್ಲಾ, ಮೆಲ್ಲಕೆ ಹೊಡಿ. ಅಮ್ಮಾವ್ರಿಗೆ ಕುಲುಕ್ತದೆ."

"ನಾನೇನು ಬಾಲ ತಿರುಚ್ತಾ ಇಲ್ಲ ಕಣಣ್ಣ. ದಾರೀನೇ ಹಿಂಗೈತೆ. ನೀನೊಸಿ ಸುಮ್ಕೆ ಬಾ, ನಿನ್ ಕಾಲು ನೋಡ್ಕೊ."

ತಳಿಯಲ್ಲಿ ಅವಳನ್ನು ಇಳಿಸುವಾಗ ಮೇಸ್ತ್ರಿ ದೂರ ನಿಂತು ಕೈಮುಗಿದ. "ಅಮ್ಮಾ, ನನ್ ಕೈಯಾರೆ ಆಗಿದ್ದು. ತಪ್ಪಾಯ್ತು."

ಅವಳು ಗಾಡಿಯ ಗೂಟ ಹಿಡಿದು ಉಸಿರು ಸಾವರಿಸಿಕೊಂಡಳು. "ನೀನು ಬೇಡ ಅಂದಿದ್ಯಲ್ಲಪ್ಪ. ಬಾಗಿಲಲ್ಲಿ ನಿಂತು ಅಂದಿದ್ದು ನನಗೆ ಒಳಗೆ ಕೇಳಿಸ್ತು."

ಮೇಸ್ತ್ರಿ ನೆಲ ನೋಡಿದ. ನಾನು ಬಸ್ಸಿನ ಕಡೆ ನೋಡಿದೆ.

ಬಸ್ಸಿನ ಬೆನ್ನಿನ ಒಲೆಗೆ ಕ್ಲೀನರು ಇದ್ದಿಲು ಸುರಿದು ಗಾಳಿಚಕ್ರ ತಿರುವುತ್ತಿದ್ದ. ಅದು ಕಾವೇರುವವರೆಗೆ ಹೊರಡುವಂತಿರಲಿಲ್ಲ. ಚಾಲಕ ತಮಿಳು ಕನ್ನಡ ಎರಡನ್ನೂ ಕಲಸಿ ಮಾತಾಡುವವನು. "ಅಮ್ಮಾವ್ರನ್ನ ಮುಂದ್ಗಡೆ ನನ್ ಪಕ್ಕ ಕೂರ್ಸಿ ಸಾಮಿ, ಹಿಂದೆ ವೇಣ್ಡಾ, ಹೊಗೆ ಹೊಡೀತದೆ. ಏನ್ಮಾಡೋದು, ನಿಮ್ ಬೆಟ್ಟನೇ ಇದ್ರ ಹೊಟ್ಟೆಗೆ ಊಟ" ಎಂದು ನಕ್ಕ. ಅವನಿಗೆ ನಮ್ಮ ಸಂಗತಿ ಗೊತ್ತಿರಲಿಲ್ಲ. ಏರು ಬಂದಾಗ ಎಲ್ಲರೂ ಇಳಿದು ತಳ್ಳಿದೆವು. ಅವಳೊಬ್ಬಳನ್ನು ಕೂರಿಸಿಕೊಂಡು, ನಮ್ಮ ಕಾಡನ್ನು ಉರಿಸಿಕೊಂಡು, ಆ ಬಸ್ಸು ಅವಳನ್ನು ಹೊಗೆಯಿಂದ ಹೊರಗೆ ಒಯ್ದಿತು.

ಹೊಸೂರು ದಾಟಿದ ಮೇಲೆ ಆಕಾಶ ತಿಳಿಯಾಯಿತು. ನಾನು ಬಾಯಿ ತೆರೆದೆ. ಏನು ಹೇಳಬೇಕೆಂದಿದ್ದೆನೋ ಈಗ ನೆನಪಿಲ್ಲ. ಅವಳೇ ಹೇಳಿದಳು: "ನೀವು ಪಂಚಾಂಗ ನೋಡಿದ್ರಿ. ಒಂದು ಸಲ ಹೊರಗೆ ಬಂದು ಗಾಳಿ ನೋಡ್ಲಿಲ್ಲ." ಕೋಪದಿಂದ ಹೇಳಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎನ್ನುವ ಧ್ವನಿಯಲ್ಲಿ ಹೇಳಿ, ಕಣ್ಣು ಮುಚ್ಚಿಕೊಂಡಳು.

ಬಾಗಲೂರಿನಲ್ಲಿ ಅವಳ ಅಣ್ಣನ ಮನೆ. ಅವರು ಅಡುಗೆಯನ್ನು ಹಿತ್ತಲ ಕೊಟ್ಟಿಗೆಗೆ ಸಾಗಿಸಿ, ನಡುಮನೆಯನ್ನು ಅವಳಿಗೆ ಬಿಟ್ಟರು. ದೇವರ ಮುಂದೆ ದೀಪ ಮಾತ್ರ. ನಾನು ಎರಡು ಹೊತ್ತೂ ಬರಿಯ ನೆಲದ ಮುಂದೆ ಕುಳಿತು ಜಪ ಮಾಡುತ್ತಿದ್ದೆ. ಕೈ ಅಭ್ಯಾಸದಿಂದ ಅಕ್ಕಿಯ ಬಟ್ಟಲಿಗೆ ಹೋಗುತ್ತಿತ್ತು. ನಾಲ್ಕು ತಿಂಗಳಲ್ಲಿ ಅವಳು ಮಲಗಿ ನಿದ್ರಿಸುವಂತಾದಳು. ಪೂರ್ತಿ ಗುಣವಾಗಲಿಲ್ಲ. ಒಳಗೆ ಎಲ್ಲೋ ಒಂದು ಬಾಗಿಲು ಮುಚ್ಚಿಯೇ ಹೋಗಿದೆಯೆಂದು ಪಂಡಿತರು ಹೇಳಿದರು.

ಮಳೆ ಬಿದ್ದ ಮೇಲೆ ಊರಿಗೆ ಹೋಗೋಣವೆಂದು ಅವಳೇ ಹಟ ಹಿಡಿದಳು. ಗಾಡಿ ಊರಿನ ತಿರುವು ದಾಟಿದಾಗ ಕೇಳಿದಳು: "ಇದು ನಮ್ಮೂರೇನಾ?"

ಗುಡ್ಡದ ಬಂಡೆಗಳು ಬಯಲಾಗಿದ್ದವು. ಅಲ್ಲಿ ಅಷ್ಟು ಬಂಡೆಗಳಿದ್ದುದು ನಮಗೆ ತಿಳಿದೇ ಇರಲಿಲ್ಲ. ಮಳೆಗೆ ಕರಿಯ ನೀರು ಇಳಿದು, ಆಮೇಲೆ ಕೆಂಪು ನೀರು ಇಳಿದು, ಎರಡೇ ದಿನಕ್ಕೆ ಹಳ್ಳ ಬತ್ತಿತ್ತು. ಸುಟ್ಟ ಬೊಡ್ಡೆಗಳ ನಡುವೆ ದನ ಮುಟ್ಟದ ತಂಗಡಿ ಗಿಡ ಮಾತ್ರ ಹಸುರಾಗಿತ್ತು. ಗುತ್ತಿಗೆದಾರ ಹೊಸ ಮೇಸ್ತ್ರಿಯನ್ನು ಕರೆತಂದು, ಅರೆಸುಟ್ಟು ನಿಂತ ಮರಗಳನ್ನೂ ಕಡಿಸುತ್ತಿದ್ದ. ಅವು ಬೇಗ ಬೇಯುತ್ತವಂತೆ. ಬೆಳಗ್ಗೆ ಮಂಜು ಇಳಿಯಲಿಲ್ಲ. ಗಾಳಿ ಯಾವ ತಡೆಯೂ ಇಲ್ಲದೆ ನೇರವಾಗಿ ಊರಿನೊಳಗೆ ಬಂತು. ಇದ್ದ ಮನೆಯಲ್ಲೇ ಇದ್ದು, ಮನೆಯನ್ನು ಕಳೆದುಕೊಂಡವರಂತೆ ಊರವರು ಓಡಾಡುತ್ತಿದ್ದರು. ಮುದುಕಿಯರು ಅಭ್ಯಾಸಬಲದಿಂದ ಎಲೆ ತರಲು ಬುಟ್ಟಿ ಹಿಡಿದು ಹೊರಟು, ಊರ ಬಾಗಿಲಲ್ಲಿ ನೆನಪಾಗಿ ಹಿಂತಿರುಗುವುದನ್ನು ಕಂಡಿದ್ದೇನೆ.

ನಾವು ಅಗ್ನಿಯನ್ನು ಮತ್ತೆ ಹೊತ್ತಿಸಲಿಲ್ಲ. ಮುರಿದ ಅಗ್ನಿಯನ್ನು ಕೂಡಿಸುವ ಪ್ರಾಯಶ್ಚಿತ್ತವನ್ನು ಶಾಸ್ತ್ರ ಹೇಳಿದೆ. ಅವಳ ಎದೆ ಅದಕ್ಕೆ ಒಪ್ಪದು. ಚಳಿ ಬಂದಾಗ ಸಿಳ್ಳು ಮರಳಿತು. ಒಂದು ದಿನ ನಾನು ಬೇರೆ ಪ್ರಾಯಶ್ಚಿತ್ತಗಳ ಮಾತೆತ್ತಿದಾಗ ಅವಳು ತಡೆದಳು.

"ಅವೆಲ್ಲ ಇರ್ಲಿ. ಆ ಮೇಸ್ತ್ರಿಗೆ ಬಾವಿ ಹತ್ರ ಯಾರೂ ಹಗ್ಗ ಕೊಡೋದಿಲ್ಲ. ಅವನ ಮಗಳನ್ನ ಕೇಳೋಕೆ ಬಂದವರು ಹೆಸರು ಕೇಳಿ ಹಿಂದಕ್ಕೆ ಹೋದ್ರಂತೆ. ಹೇಳೋದಾದ್ರೆ ಊರ ಮುಂದೆ ಹೇಳಿ. ನನಗೆ ಉಸಿರಿರೋವಾಗ್ಲೇ ಹೇಳಿ, ನಾನು ಕೇಳ್ಬೇಕು."

ಮುಂದಿನ ಯುಗಾದಿಯ ದಿನ ಗುಡಿಯ ಮುಂದೆ ಚಾಪೆ ಹಾಸಿದರು. ಅವಳನ್ನು ನಿಧಾನವಾಗಿ ಕರೆತಂದು ಕಂಬಕ್ಕೆ ಒರಗಿಸಿ ಕೂರಿಸಿದೆ. ಮನೆಯಿಂದ ಗುಡಿಗೆ ಬರುವಷ್ಟರಲ್ಲಿ ಮೂರು ಕಡೆ ನಿಂತಿದ್ದಳು. ಹೊಸ ಪಂಚಾಂಗಕ್ಕೆ ಅರಿಸಿನ ಕುಂಕುಮವಿಟ್ಟು, ತೆರೆಯದೆ, ಹೇಳಿದೆ: ಆ ಗೂಡನ್ನು ನಡುಹಗಲಲ್ಲಿ ಬಿಚ್ಚಿಸಿದವನು ನಾನು, ಮೇಸ್ತ್ರಿ ಬೇಡವೆಂದ, ನಾನು ಮೀರಬಾರದೆಂದೆ, ಹೋದ ವರ್ಷ ಇದೇ ಜಾಗದಲ್ಲಿ ಕುಳಿತು, ಹೊಗೆಯಲ್ಲಿ, ಬಾಯಿ ಮುಚ್ಚಿಕೊಂಡಿದ್ದೆ.

ಊರಿನ ಹಿರಿಯ ಒಕ್ಕಲಿಗರೊಬ್ಬರು ಎದ್ದು, ಹಿಂದೆ ಒಬ್ಬನೇ ಕುಳಿತಿದ್ದ ಮೇಸ್ತ್ರಿಯ ಬಳಿ ಹೋಗಿ ನಿಂತರು. "ಏನ್ಲಾ ಕಳ್ಳ ನನ್ಮಗನೆ, ಒಂದೊರ್ಸ ಬಾಯಿ ಬುಡ್ಲಿಲ್ವಲ್ಲ ನೀನು" ಎಂದು ಬೈದು, ರಟ್ಟೆ ಹಿಡಿದು ಚಾಪೆಯ ಮೇಲೆ ತಂದು ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ನನ್ನ ಮುಖ ನೋಡದೆ, "ಓದಿ ಸಾಮಿ. ಮಳೆ ಏನ್ ಬರ್ದವ್ರೆ ಯೋಳಿ" ಎಂದರು.

ಓದಿದೆ. ಆ ವರ್ಷ ಪಂಚಾಂಗದಲ್ಲಿದ್ದಷ್ಟು ಮಳೆ ಬರಲಿಲ್ಲ. ಕಾಡೂ ಮರಳಲಿಲ್ಲ. ಆ ದಿನ ಮನೆಗೆ ಹೋಗುವಾಗ ನನ್ನ ತೋಳು ಹಿಡಿದು ಬಂದ ಅವಳು ಎರಡೇ ಕಡೆ ನಿಂತಳು. ಅದು ಒಂದು ದಿನದ ಮಾತು. ಮುಂದೆ ಮೂರು ಚಳಿಗಾಲ ಬದುಕಿದಳು, ಮೂರನೆಯದನ್ನು ದಾಟಲಿಲ್ಲ. ವಿಧಿಯಂತೆ ನಮ್ಮ ವಿವಾಹಾಗ್ನಿಯಿಂದಲೇ ಅವಳ ದಹನವಾಗಬೇಕಿತ್ತು. ಆಗಲಿಲ್ಲ.

ಬೇಡವೆಂದು ಹೇಳಿಯೂ ನನ್ನ ಮಾತಿಗೆ ತಲೆಬಾಗಿ, ಕೆಂಡದ ಮೇಲೆ ಹತ್ತಿದ ಮೇಸ್ತ್ರಿಯ ಸಂತತಿಗೆ ಮಂಗಳವಾಗಲಿ. ಗದರಿಸಿ ಕಣ್ಣು ತೆರೆಸಿದ ಪಂಡಿತರಿಗೆ, ಗಾಡಿ ಮೆಲ್ಲಗೆ ಹೊಡೆದವನಿಗೆ, ಏನೂ ತಿಳಿಯದೆ ನಕ್ಕು ಮುಂದಿನ ಆಸನ ಬಿಟ್ಟುಕೊಟ್ಟ ಚಾಲಕನಿಗೆ, ಸೊಪ್ಪು ಹಿಡಿದು ಉರಿಯನ್ನು ಬಡಿದ ಊರಿನ ಕೈಗಳಿಗೆ, ಇದ್ದಿಲಿಗಾಗಿ ಕಾಡು ಕಡಿಸಿದವನಿಗೂ, ಅವನ ಆಳುಗಳಿಗೂ ಶುಭವಾಗಲಿ. ಬೆಂದುಹೋದ ಮರಗಳಿಗೆ, ಓಡಲಾರದ ಜೀವಗಳಿಗೆ ಸದ್ಗತಿ ದೊರೆಯಲಿ. ನನ್ನ ಮನೆಯ ಅಗ್ನಿಯನ್ನು ಕಾಯ್ದವಳು ಎಲ್ಲಿದ್ದರೂ ಅವಳಿಗೆ ತಡೆಯಿಲ್ಲದ ಉಸಿರು ದೊರೆಯಲಿ.